ತರಬೇತಿಗೆ ಯಾರನ್ನು ಕಳಿಸುವುದು?

ನಾನು ಹನ್ನೊಂದು ತರಬೇತಿಗಳನ್ನು ಪಡೆದ ಮೇಷ್ಟ್ರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ತಪ್ಪೊಪ್ಪಿಗೆ ಎಂದೇ ತಿಳಿಯಬೇಕು. ಒಂದೊಂದಕ್ಕೂ ಒಂದೊಂದು ಪ್ರಮಾಣಪತ್ರವಿದೆ. ಹನ್ನೊಂದೂ ಟ್ರಂಕಿನ ತಳದಲ್ಲಿ, ಮದುವೆಯ ಜರಿಪಂಚೆಯ ಕೆಳಗೆ, ನುಸಿಗುಳಿಗೆಯ ರಕ್ಷಣೆಯಲ್ಲಿ ಸುಖವಾಗಿವೆ. ಅವುಗಳ ಪ್ರಕಾರ ನಾನು ತಕಲಿಯಲ್ಲಿ ನೂಲಬಲ್ಲೆ, ಶಾಲೆಯ ಕೈತೋಟದಲ್ಲಿ ಮೂಲಂಗಿ ಬೆಳೆಯಬಲ್ಲೆ, ಹೊಸ ಗಣಿತ ಬೋಧಿಸಬಲ್ಲೆ, ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬಲ್ಲೆ, ನೆನೆಸಿದ ಕಾಗದವನ್ನು ರುಬ್ಬಿ ಜ್ವಾಲಾಮುಖಿ ಮಾಡಬಲ್ಲೆ. ನನ್ನ ಹೆಂಡತಿ ಒಮ್ಮೆ ಇವನ್ನೆಲ್ಲ ಸಾವಧಾನವಾಗಿ ಓದಿ, "ಇಷ್ಟೆಲ್ಲಾ ಬರುತ್ತೆ ಅಂತ ಸರ್ಕಾರಾನೇ ಬರ್ಕೊಟ್ಟಿದೆ. ಮನೇಲಿ ಒಂದು ಮೊಳೆ ಹೊಡೆಯೋಕೆ ಬರಲ್ವಲ್ಲಾ" ಎಂದಳು.

ಬಹಳ ವರ್ಷ ನಾನು ನಂಬಿಕೊಂಡಿದ್ದುದೇನೆಂದರೆ, ಇಲಾಖೆ ನನ್ನಲ್ಲಿ ಏನೋ ವಿಶೇಷವನ್ನು ಕಂಡು ಹೀಗೆ ಮತ್ತೆ ಮತ್ತೆ ಕರೆಯುತ್ತಿದೆ ಎಂದು. ನಿಜ ತಿಳಿದದ್ದು ಅರವತ್ತರ ದಶಕದ ಕೊನೆಯಲ್ಲಿ, ನಾನು ಸಾಸಲು ಹೋಬಳಿಯ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ. ಏಳು ತರಗತಿ, ನಾಲ್ಕು ಜನ ಮೇಷ್ಟ್ರು. ಹೆಡ್‌ಮೇಷ್ಟ್ರು ಹನುಮಂತರಾಯಪ್ಪನವರು. ಲೆಕ್ಕಕ್ಕೆ ಖಾದರ್ ಸಾಹೇಬರು. ಅವರ ಲೆಕ್ಕ ಎಷ್ಟು ಚುರುಕೋ ನಾಲಗೆಯೂ ಅಷ್ಟೇ. ಒಂದನೇ ತರಗತಿಯ ಅರವತ್ತು ಚಿಲ್ಲರೆ ಮಕ್ಕಳಿಗೆ ನಾಗರತ್ನಮ್ಮನವರು. ಉಳಿದದ್ದಕ್ಕೆ, ಅಂದರೆ ಚರಿತ್ರೆ, ಭೂಗೋಳ ಮತ್ತು ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಹಾರ ಹಾಕುವುದಕ್ಕೆ, ನಾನು.

ಆಗೆಲ್ಲ ತಾಲ್ಲೂಕಿನಿಂದ ಆಜ್ಞೆ ಬರುತ್ತಿತ್ತು: "ತಮ್ಮ ಶಾಲೆಯಿಂದ ಒಬ್ಬ ಶಿಕ್ಷಕರನ್ನು ತರಬೇತಿಗೆ ಕಳುಹಿಸತಕ್ಕದ್ದು." ಯಾರನ್ನು ಎಂದು ಹೇಳುವ ಉಸಾಬರಿಗೆ ಅವರು ಹೋಗುತ್ತಿರಲಿಲ್ಲ. ಈಗ ನೀವೇ ಹೇಳಿ, ಪಕ್ಕದ ಹೊಲದವನು ಎತ್ತು ಎರವಲು ಕೇಳಿದರೆ ನೊಗಕ್ಕೆ ಒಗ್ಗಿದ ಎತ್ತನ್ನು ಯಾರಾದರೂ ಬಿಚ್ಚಿಕೊಡುತ್ತಾರೆಯೇ? ಕೊಟ್ಟಿಗೆಯಲ್ಲಿ ಮೇವು ಚಪ್ಪರಿಸುತ್ತ ನಿಂತದ್ದನ್ನು ಕೊಡುತ್ತಾರೆ. ಲೋಕದ ನ್ಯಾಯವೇ ಅದು. ದೂರದ ನೆಂಟರ ಮನೆಯ ತಿಥಿಗೆ ಹೋಗಿಬರುವವನು ಯಾರು? ಮನೆಯಲ್ಲಿ ಇಲ್ಲದಿದ್ದರೂ ಕೆಲಸ ಕೆಡದವನು. ಹನುಮಂತರಾಯಪ್ಪನವರು ಇದೇ ಸನಾತನ ಸೂತ್ರವನ್ನು ವಿದ್ಯಾಭ್ಯಾಸಕ್ಕೆ ಅನ್ವಯಿಸಿದ್ದರು.

ತರಬೇತಿಯ ಜಾಗಕ್ಕೆ ಹೋದರೆ ಅಲ್ಲಿ ಇಡೀ ತಾಲ್ಲೂಕಿನಲ್ಲಿ ಇಲ್ಲದಿದ್ದರೂ ನಡೆಯುವಂಥವರೆಲ್ಲ ಒಂದೇ ಚಾವಣಿಯ ಕೆಳಗೆ! ಪ್ರತಿ ಸಲವೂ ಅದೇ ಮುಖಗಳು. "ಏನ್ ಗುರು, ಬಂದ್ಯಾ?" "ಬರ್ದೆ ಇರ್ತೀನಾ?" ಎಂಬ ಆತ್ಮೀಯತೆ. ದೊಡ್ಡಬೆಳವಂಗಲದ ಕಡೆಯ ಮಿತ್ರರೊಬ್ಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಸಿದ್ಧಿ ಪಡೆದಿದ್ದರು. ಒಮ್ಮೆ ದೊಡ್ಡಬಳ್ಳಾಪುರದಲ್ಲಿ ತರಬೇತಿ ನಡೆದಾಗ ಪಕ್ಕದ ಓಣಿಯ ಮಗ್ಗಗಳ ತಾಳಕ್ಕೆ ಉಪನ್ಯಾಸವೂ ಲಾಲಿಯಂತೆ ಕೇಳಿ, ಆ ಸಿದ್ಧಿ ಉಳಿದವರಿಗೂ ಸುಲಭವಾಗಿ ದಕ್ಕಿತು. ಉಪನ್ಯಾಸ ಕೊಡಲು ಬಂದವರನ್ನು ನೋಡಿದಾಗ, ಅವರ ಕಾಲೇಜಿನವರೂ ನಮ್ಮ ಹೆಡ್‌ಮೇಷ್ಟ್ರ ಸೂತ್ರವನ್ನೇ ಪಾಲಿಸುತ್ತಿರಬಹುದೇ ಎಂಬ ಗುಮಾನಿ ಬರುತ್ತಿತ್ತು.

ನಮ್ಮ ತಾತ ಕೂಲಿಮಠದ ಐಗಳಾಗಿದ್ದರು. ಜಗಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸಿದವರು. ಅವರ ಕಾಲಕ್ಕೆ ತರಬೇತಿ ಎಂದರೆ ತಮ್ಮ ಐಗಳ ಕೈಯಲ್ಲಿ ತಿಂದ ಏಟು; ಅನುದಾನ ಎಂದರೆ ಸುಗ್ಗಿಯಲ್ಲಿ ಮನೆಗೊಂದು ಮೊರ ರಾಗಿ. ಎರಡೂ ನೇರವಾಗಿ ತಲುಪುತ್ತಿದ್ದವು. ನಮ್ಮ ಕಾಲದ ಅನುದಾನದ ದಾರಿ ಸ್ವಲ್ಪ ಸುತ್ತು. ತರಬೇತಿಯ ಬೆನ್ನಿಗೆ ಪಾಠೋಪಕರಣಗಳಿಗೆಂದು ಶಾಲೆಗೆ ಒಂದಿಷ್ಟು ಹಣ ಬರುತ್ತಿತ್ತು. ಮೊದಲ ಸಲ ಬಂದಾಗ ಹನುಮಂತರಾಯಪ್ಪನವರು, ಉಪಕರಣ ತಂದರೆ ಇಡುವುದೆಲ್ಲಿ ಎಂದು ಯೋಚಿಸಿ ಒಂದು ಬೀರು ಮಾಡಿಸಿದರು. ಎರಡನೆಯ ಸಲ ಬೀರುವಿಗೆ ಬೀಗ ಮತ್ತು ಕಿಟಕಿಗೆ ಸರಳು. ಮೂರನೆಯ ಸಲ ಗ್ಲೋಬು, ಭೂತಗನ್ನಡಿ, ಅಯಸ್ಕಾಂತ ಬಂದವು. ಬಂದವು, ಬೀರು ಸೇರಿದವು. ಒಡೆದರೆ ಸ್ಟಾಕ್ ಪುಸ್ತಕಕ್ಕೆ ಜವಾಬು ಹೇಳಬೇಕು. ಒಡೆಯದಂತೆ ನೋಡಿಕೊಳ್ಳಲು ಮನುಷ್ಯ ಕಂಡುಹಿಡಿದ ಉಪಾಯ ಒಂದೇ, ಮುಟ್ಟದಿರುವುದು. ಹೀಗಾಗಿ ನಮ್ಮ ಮಕ್ಕಳು ದೇವರಿದ್ದಾನೆ ಎಂಬುದನ್ನು ಒಪ್ಪಿಕೊಂಡಂತೆಯೇ ಭೂಮಿ ಗುಂಡಗಿದೆ ಎಂಬುದನ್ನೂ ಭಕ್ತಿಯಿಂದ ಒಪ್ಪಿಕೊಂಡಿದ್ದರು.

ಆ ವರ್ಷ ಬಂದ ಆಜ್ಞೆ ಮಾತ್ರ ಬೇರೆ ತರಹದ್ದು. ಒಂದನೇ ತರಗತಿಗೆ ಪಾಠ ಹೇಳುವುದು ಹೇಗೆಂಬ ತರಬೇತಿ. ಬೆಂಗಳೂರಿನಲ್ಲಿ, ಆರು ವಾರ. ಬರುವವರ ವಯಸ್ಸು ನಲವತ್ತು ದಾಟಿರಬಾರದು; ನನಗೆ ಅದಕ್ಕೆ ಇನ್ನೊಂದು ವರ್ಷ ಬಾಕಿಯಿತ್ತು. ಹನುಮಂತರಾಯಪ್ಪನವರು ಗಟ್ಟಿಯಾಗಿ ಓದಿದರು, ಕನ್ನಡಕ ಸರಿಮಾಡಿಕೊಂಡರು, ಅಭ್ಯಾಸಬಲದಿಂದ ನನ್ನ ಹೆಸರು ಬರೆದರು.

"ಹೋಗ್ಬನ್ನಿ ಮೇಷ್ಟ್ರೇ," ಎಂದರು ಖಾದರ್ ಸಾಹೇಬರು. "ಈ ಸಲ ಅ ಆ ಇ ಈನಾದ್ರೂ ಕಲ್ತ್ಕೊಂಡ್ ಬನ್ನಿ."

ನಾಗರತ್ನಮ್ಮನವರು ನಗಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಹಾಲಿನ ಪುಡಿಯ ಹಾಲು ಹಂಚಿದ ಮೇಲೆ ಬಂದು, ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟರು.

"ಸಾರ್, ಬೇಜಾರು ಮಾಡ್ಕೋಬೇಡಿ. ಇದರಲ್ಲಿರೋದನ್ನ ಅಲ್ಲಿ ಯಾರನ್ನಾದ್ರೂ ಕೇಳಿ ಬರ್ಕೊಂಡ್ ಬರ್ತೀರಾ?"

"ಅದಕ್ಕೇನಮ್ಮ," ಎಂದೆ, ಉದಾರವಾಗಿ.

"ಹದಿನಾಲ್ಕು ವರ್ಷ ಆಯ್ತು ಒಂದನೇ ಕ್ಲಾಸಿಗೆ ಹೇಳ್ಕೊಡೋಕೆ ಹಿಡಿದು. ಬೇರೆಯವರು ಒಂದನೇ ಕ್ಲಾಸಿಗೆ ಹೇಳ್ಕೊಡೋದನ್ನ ಒಂದಿನಾನೂ ಕೂತು ನೋಡಿಲ್ಲ. ನಾನು ಮಾಡ್ತಿರೋದು ಸರೀನೋ ತಪ್ಪೋ, ಯಾರನ್ನ ಕೇಳ್ಲಿ? ಬರೋ ಯುಗಾದಿಗೆ ನಂಗೂ ನಲವತ್ತು ದಾಟುತ್ತೆ. ಇನ್ಮೇಲೆ ಕರೆಯೋರೂ ಇಲ್ಲ."

ಪುಸ್ತಕ ತೆರೆದೆ. ಪುಟದ ತುಂಬ ಪ್ರಶ್ನೆಗಳು. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಕೋ ಬಿಡಬೇಕೋ? ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಮಗುವಿನ ಜೊತೆ ಮೊದಲ ತಿಂಗಳು ಯಾವ ಮಾತಿನಲ್ಲಿ ಶುರುಮಾಡಬೇಕು? ಎಲ್ಲವೂ ಬಾಯಲ್ಲಿ ಬರುತ್ತದೆ, ಹಲಗೆಯ ಮೇಲೆ ಮಾತ್ರ ಏನೂ ಬರುವುದಿಲ್ಲ, ಅಂಥ ಮಗುವಿಗೆ ಏನು ಮಾಡಬೇಕು? ನಾನು ಹನ್ನೊಂದು ತರಬೇತಿಗಳಲ್ಲಿ ಕೇಳಿದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಎರಡು ನೆನಪಾದವು: ಊಟ ಎಷ್ಟು ಹೊತ್ತಿಗೆ, ಮತ್ತು ಭತ್ಯೆ ಎಂದು ಕೊಡುತ್ತಾರೆ.

ನಾಚಿಕೆ ನನಗೆ ಅಪರೂಪಕ್ಕೆ ಬರುವ ಅತಿಥಿ. ಬಂದಾಗ ಮಾತ್ರ ಕೂರಿಸಿ ಉಪಚರಿಸುತ್ತೇನೆ. ಮರುದಿನ ಬೆಳಿಗ್ಗೆ ಹೆಡ್‌ಮೇಷ್ಟ್ರ ಮೇಜಿನ ಮುಂದೆ ನಿಂತು, "ಸಾರ್, ಈ ಸಲ ನಾಗರತ್ನಮ್ಮನೋರು ಹೋಗ್ಲಿ" ಎಂದೆ.

"ಒಂದನೇ ಕ್ಲಾಸು ಯಾರು ನೋಡ್ಕೋತಾರೆ?"

"ನಾನು."

ಹನುಮಂತರಾಯಪ್ಪನವರು ಕನ್ನಡಕ ತೆಗೆದರು. ನನ್ನನ್ನು ಕನ್ನಡಕವಿಲ್ಲದೆ ನೋಡಿದರೆ ವಿಷಯ ಸ್ವಲ್ಪ ಉತ್ತಮವಾಗಿ ಕಾಣಬಹುದೆಂದು ಇರಬೇಕು. "ಮೇಷ್ಟ್ರೇ, ಅವು ಸಣ್ಣ ಮಕ್ಳು ಕಣ್ರೀ," ಎಂದರು, ಮರುಕದಿಂದ.

"ಒಂದಿನ ಬಿಟ್ಟು ನೋಡಿ ಸಾರ್," ಎಂದರು ಖಾದರ್ ಸಾಹೇಬರು. "ಮಕ್ಳೂ ಉಳಿದು ಇವರೂ ಉಳಿದ್ರೆ ಮೇಡಮ್ಮೋರನ್ನ ಕಳ್ಸೋಣ."

ಹಾಗೆ ನನಗೆ ಒಂದು ದಿನದ ಪರೀಕ್ಷೆ ನಿಗದಿಯಾಯಿತು. ಹನ್ನೊಂದು ತರಬೇತಿಗಳ ಭಾರವನ್ನು ಹೊತ್ತವನು ಬರಿಗೈಯಲ್ಲಿ ಹೋಗಬಾರದೆಂದು ಬೀಗ ತೆಗೆಸಿ ಗ್ಲೋಬನ್ನು ಹಿಡಿದುಕೊಂಡೇ ಹೋದೆ. ನಾಗರತ್ನಮ್ಮನವರು ಕಿಟಕಿಯ ಹೊರಗೆ ನಿಂತರು.

"ಮಕ್ಕಳೇ, ನಾವೀಗ ಎಲ್ಲಿದ್ದೇವೆ?" ಎಂದು ಗಂಭೀರವಾಗಿ ಆರಂಭಿಸಿದೆ.

"ಇಸ್ಕೂಲ್ನಾಗೆ," ಎಂದಿತು ತರಗತಿ, ಇಷ್ಟೂ ಗೊತ್ತಿಲ್ಲವೇ ಎಂಬ ಧ್ವನಿಯಲ್ಲಿ.

ಅಲ್ಲ, ನಾವು ಭೂಮಿಯ ಮೇಲಿದ್ದೇವೆ, ಭೂಮಿ ಹೀಗೆ ತಿರುಗುತ್ತಿದೆ ಎಂದು ಗ್ಲೋಬನ್ನು ತಿರುಗಿಸಿ ತೋರಿಸಿದೆ. ಸ್ವಲ್ಪ ಜೋರಾಗಿಯೇ ತಿರುಗಿತು. ಮುಂದಿನ ಸಾಲಿನಲ್ಲಿದ್ದ ಒಂದು ಹುಡುಗಿ ನೆಲವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಅಳತೊಡಗಿತು. ಅಳು ಸೀನಿಗಿಂತ ಬೇಗ ಹರಡುವ ವಸ್ತು. ಎರಡು ನಿಮಿಷದಲ್ಲಿ ಅರ್ಧ ತರಗತಿ ನೆಲವನ್ನು ಹಿಡಿದುಕೊಂಡಿತ್ತು. ಉಳಿದರ್ಧ ನಿಜವಾಗಿಯೂ ತಿರುಗುತ್ತಿದೆಯೇ ಎಂದು ನೋಡಲು ಬಯಲಿಗೆ ಓಡಿತ್ತು. ನಾಗರತ್ನಮ್ಮನವರು ಒಳಗೆ ಬಂದು, ಏನೋ ಒಂದು ಮಾತು ಹೇಳಿ, ಎಲ್ಲರನ್ನೂ ಮತ್ತೆ ಕೂರಿಸಿದರು. ಗ್ಲೋಬನ್ನು ಖಾದರ್ ಸಾಹೇಬರೇ ಬೀರುವಿಗೆ ತಲುಪಿಸಿ ಬೀಗ ಹಾಕಿದರು.

ಸಂಜೆ ನಾಗರತ್ನಮ್ಮನವರ ಮುಂದೆ ತಲೆ ತಗ್ಗಿಸಿ ನಿಂತೆ. "ನಿಮ್ಮ ಕೆಲಸ ಕೆಡಿಸಿಬಿಟ್ಟೆನಮ್ಮ. ಇನ್ನು ನಿಮ್ಮನ್ನು ಹೇಗೆ ಕಳಿಸುತ್ತಾರೆ?"

"ಇಲ್ಲ ಸಾರ್, ಉಪಕಾರಾನೇ ಆಯ್ತು," ಎಂದರು, ನಗು ತಡೆದುಕೊಂಡು. "ಬೇರೆಯವರು ಹೇಳ್ಕೊಡೋದನ್ನ ನೋಡ್ಬೇಕು ಅಂತಿದ್ನಲ್ಲ, ನೋಡ್ದೆ. ನಾನು ಮಾಡ್ತಿರೋದು ಅಷ್ಟೇನೂ ತಪ್ಪಲ್ಲ ಅಂತ ಧೈರ್ಯ ಬಂತು." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಹೊರಡೋಕೆ ಇನ್ನೂ ಮೂರು ವಾರ ಇದೆಯಲ್ಲ. ನಿಮ್ಮ ಪಾಠ ಇಲ್ಲದಾಗ ನಮ್ಮ ಕ್ಲಾಸಲ್ಲಿ ಬಂದು ಕೂತ್ಕೊಳ್ಳಿ."

ಹಾಗೆ ನನ್ನ ಹನ್ನೆರಡನೆಯ ತರಬೇತಿ ಒಂದನೇ ತರಗತಿಯ ಕೊನೆಯ ಸಾಲಿನಲ್ಲಿ, ನೆಲದ ಮೇಲೆ, ಮೂಗು ಸುರಿಸುವ ಇಬ್ಬರು ಸಹಪಾಠಿಗಳ ನಡುವೆ ನಡೆಯಿತು. ಭತ್ಯೆ ಇಲ್ಲ, ಉಪ್ಪಿಟ್ಟಿಲ್ಲ, ಪ್ರಮಾಣಪತ್ರವಿಲ್ಲ. ಕಣ್ಣು ತೆರೆದು ನಿದ್ದೆ ಮಾಡುವ ವಿದ್ಯೆ ಇಲ್ಲಿ ನಡೆಯುತ್ತಿರಲಿಲ್ಲ. ಪಕ್ಕದವನು ತಕ್ಷಣ ಚಾಡಿ ಹೇಳುತ್ತಿದ್ದ. ನಾಗರತ್ನಮ್ಮನವರು ಹಾಜರಿ ಕೂಗುತ್ತಿರಲಿಲ್ಲ. "ಇವತ್ತು ಯಾರು ಬಂದಿಲ್ಲ?" ಎಂದು ಮಕ್ಕಳನ್ನೇ ಕೇಳುತ್ತಿದ್ದರು. ಅರವತ್ತು ಹೆಸರು ಕೂಗುವ ಬದಲು ನಾಲ್ಕು ಹೆಸರೂ, ನಾಲ್ಕು ಮನೆಯ ಸಮಾಚಾರವೂ ಸಿಗುತ್ತಿತ್ತು. ಲೆಕ್ಕಕ್ಕೆ ಹುಣಸೆಬೀಜ. ಅಕ್ಷರ ಶುರುವಾಗುವುದು ಮಗುವಿನ ಸ್ವಂತ ಹೆಸರಿನಿಂದ. ಗಲಾಟೆ ಹೆಚ್ಚಾದಾಗ ಧ್ವನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು; ಮಕ್ಕಳು ಏನೋ ಗುಟ್ಟಿರಬೇಕೆಂದು ಸುಮ್ಮನಾಗುತ್ತಿದ್ದವು. ಇಪ್ಪತ್ತು ವರ್ಷ ಗಂಟಲು ಹರಿದುಕೊಂಡ ನನಗೆ ಇದನ್ನು ಯಾವ ಪ್ರೊಫೆಸರರೂ ಹೇಳಿರಲಿಲ್ಲ.

ಮೂರನೆಯ ವಾರದ ಕೊನೆಗೆ ಮತ್ತೆ ಪರೀಕ್ಷೆ. ಈ ಸಲ ಜೇಬಿನಲ್ಲಿ ಹುಣಸೆಬೀಜ ಮಾತ್ರ. ಯಾರೂ ಅಳಲಿಲ್ಲ. ಹನುಮಂತರಾಯಪ್ಪನವರು ಬಾಗಿಲಲ್ಲಿ ಹದಿನೈದು ನಿಮಿಷ ನಿಂತು ನೋಡಿ, ಒಳಗೆ ಹೋಗಿ, ಆಜ್ಞೆಯ ಕಾಗದದಲ್ಲಿ ನನ್ನ ಹೆಸರು ಹೊಡೆದುಹಾಕಿ ನಾಗರತ್ನಮ್ಮನವರ ಹೆಸರು ಬರೆದರು. ಸೋಮವಾರದ ಮೊದಲ ಬಸ್ಸಿಗೆ ಆಕೆ ಹೊರಟರು. ತೊಡೆಯ ಮೇಲೆ ಆ ನೋಟುಪುಸ್ತಕ.

ಆರು ವಾರ ನಾನು ಹೇಗೋ ಈಜಿದೆ. ತಿರುಗಿ ಬಂದವರನ್ನು ಮೊದಲು ಕೇಳಿದ್ದೇ, "ಉತ್ತರ ಸಿಕ್ಕಿತೇ?" ಎಂದು.

"ಅರ್ಧಕ್ಕೆ ಸಿಕ್ತು ಸಾರ್. ಎಡಗೈಯವರನ್ನ ಹಾಗೇ ಬಿಡ್ಬೇಕಂತೆ. ಇನ್ನರ್ಧಕ್ಕೆ, 'ಇದನ್ನ ಇದುವರೆಗೆ ಯಾರೂ ಕೇಳೇ ಇಲ್ಲವಲ್ಲಮ್ಮ, ನೀವೇನು ಮಾಡ್ತೀರಿ ಹೇಳಿ' ಅಂತ ನನ್ನನ್ನೇ ಎಬ್ಬಿಸಿ ನಿಲ್ಲಿಸಿಬಿಟ್ರು. ಹೇಳ್ದೆ. ಎಲ್ಲಾರೂ ಬರ್ಕೊಂಡ್ರು." ಇಷ್ಟು ಹೇಳುವಾಗ ಅವರ ಮುಖದಲ್ಲಿದ್ದುದನ್ನು ವರ್ಣಿಸುವುದಕ್ಕೆ ನನಗೆ ಯಾರೂ ತರಬೇತಿ ಕೊಟ್ಟಿಲ್ಲ. ಅವರ ಹೆಸರಿನಲ್ಲಿ ಬಂದ ಅನುದಾನದಿಂದ ಸ್ಲೇಟು, ಬಣ್ಣದ ಮಣಿ ಬಂದವು. ಅವು ಬೀರುವಿನ ಮುಖ ನೋಡಲಿಲ್ಲ. ಮೂರೇ ತಿಂಗಳಲ್ಲಿ ಅರ್ಧ ಒಡೆದವು. ಸ್ಟಾಕ್ ಪುಸ್ತಕದಲ್ಲಿ ಹೆಡ್‌ಮೇಷ್ಟ್ರು ನಿಟ್ಟುಸಿರು ಬಿಡುತ್ತ "ಉಪಯೋಗಿಸಿ ಒಡೆದದ್ದು" ಎಂದು ಬರೆದರು. ನಮ್ಮ ಶಾಲೆಯ ಚರಿತ್ರೆಯಲ್ಲಿ ಇಷ್ಟು ಗೌರವದ ವಾಕ್ಯವನ್ನು ಮತ್ತೆ ಯಾರೂ ಬರೆಯಲಿಲ್ಲ.

ಆದರೆ ತರಬೇತಿಗಳೇನು ನಿಲ್ಲುತ್ತವೆಯೇ? ಮಾರನೆಯ ವರ್ಷ ಮತ್ತೊಂದು ಆಜ್ಞೆ ಬಂತು: ಒಬ್ಬರನ್ನು, ಮೂರು ವಾರ, ವಯಸ್ಸಿನ ಕಟ್ಟಳೆಯಿಲ್ಲ. ಹನುಮಂತರಾಯಪ್ಪನವರು ಹಳೆಯ ಸೂತ್ರ ಹಿಡಿದು ನಮ್ಮನ್ನೆಲ್ಲ ನೋಡಿದರು. ನಾಗರತ್ನಮ್ಮನವರನ್ನು ಬಿಡುವಂತಿಲ್ಲ. ಖಾದರ್ ಸಾಹೇಬರು ಹೋದರೆ ಲೆಕ್ಕ ನಿಲ್ಲುತ್ತದೆ. ನನಗೆ ಅಷ್ಟರಲ್ಲಿ ಎರಡನೇ ತರಗತಿಯನ್ನು ವಹಿಸಿದ್ದರು, ಮಕ್ಕಳು ನನ್ನನ್ನು ಬಿಡುತ್ತಿರಲಿಲ್ಲ. ತರಬೇತಿಯಿಂದ ಪ್ರಯೋಜನ ಪಡೆಯುವ ಯೋಗ್ಯತೆ ಬಂದ ದಿನವೇ ನನಗೆ ತರಬೇತಿಯ ಯೋಗ ತಪ್ಪಿತ್ತು. ಹೆಡ್‌ಮೇಷ್ಟ್ರು ಎರಡನೆಯ ಸಲ ಎಣಿಸಿದರು.

"ಸಾರ್," ಎಂದರು ಖಾದರ್ ಸಾಹೇಬರು, ಬಹಳ ವಿನಯದಿಂದ, "ತಮ್ಮ ಹತ್ರ ಹಾಸಿಗೆ ಸುತ್ಕೊಂಡ್ ಹೋಗೋಕೆ ಹೋಲ್ಡಾಲ್ ಇದೆಯಾ? ಇಲ್ದಿದ್ರೆ ನಮ್ಮನೇದು ಕೊಡ್ತೀನಿ."

ಹನುಮಂತರಾಯಪ್ಪನವರು ಹೋದರು. ಮೂರು ವಾರ ಶಾಲೆಯ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯಿತು, ಪಾಠಗಳು ನಡೆದವು, ಬೀರುವಿನ ಬಾಗಿಲು ತೆರೆದೇ ಇತ್ತು. ತಿರುಗಿ ಬಂದವರು ಪೇಟ ಬಿಚ್ಚಿ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಕೇಳಿದರು: "ನಾನಿಲ್ದೆ ಬಹಳ ತೊಂದ್ರೆ ಆಯ್ತೇನಪ್ಪಾ?"

ಹನ್ನೊಂದು ಸಲ ಅದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬಸ್ಸಿಳಿದಿದ್ದ ನನಗೆ ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೆ ನಾಗರತ್ನಮ್ಮನವರೇ ಮುಂದಾದರು. "ಅಯ್ಯೋ, ತುಂಬಾ ಆಯ್ತು ಸಾರ್," ಎಂದರು. ಖಾದರ್ ಸಾಹೇಬರೂ ತಲೆಯಾಡಿಸಿದರು. ಲೆಕ್ಕದ ಮೇಷ್ಟ್ರು ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.