ಕ್ರೋಮೋಸೋಮು ಕತ್ತರಿಸುತ್ತಿದ್ದ ಶಾಂತಕ್ಕ

ಸೂಕ್ಷ್ಮದರ್ಶಕದಲ್ಲಿ ತೆಗೆದ ಫೋಟೋದಿಂದ ಒಂದೊಂದೇ ಕ್ರೋಮೋಸೋಮನ್ನು ಸಣ್ಣ ಕತ್ತರಿಯಲ್ಲಿ ಬಿಡಿಸಿ, ಜೋಡಿ ಹುಡುಕಿ ಹಾಳೆಗೆ ಅಂಟಿಸುವಾಗ ಶಾಂತಕ್ಕ ಉಸಿರನ್ನೂ ಬಿಗಿಹಿಡಿದಿರುತ್ತಿದ್ದರು. ಫ್ಯಾನು ಬಂದ್. ಯಾರಾದರೂ ಬಾಗಿಲು ತೆರೆದರೋ ಮುಗಿಯಿತು: "ಬಾಗಲಾ ಹಾಕ್ರೋ ಯಪ್ಪಾ! ಒಂದು ಹಾರಿ ಹೋದ್ರ ಯಾರ ಮನಿ ಕೂಸಿಗೆ ಏನಂತ ಬರೀಲಿ?"

ಸಿಕಂದರಾಬಾದಿನ ಪಕ್ಕದ ನಾಚಾರಂನ ಆ ಪುಟ್ಟ ಲ್ಯಾಬಿಗೆ ನಾನು ಮೈಸೂರಿನಿಂದ ಎಂಎಸ್ಸಿ ಮುಗಿಸಿ ಬಂದಿದ್ದೆ. ರಾಯಚೂರಿನ ಶಾಂತಕ್ಕ ಓದಿದ್ದು ಪಿಯುಸಿ ಅಷ್ಟೇ. ಆದರೂ ನನಗೆ ಪಾಠ ಹೇಳಿದವರು ಅವರೇ. ಪ್ರೋಟೀನುಗಳೆಂದರೆ ಅವರಿಗೆ ಓಣಿಯ ಹೆಂಗಸರು.

"ಕಂಡೆನ್ಸಿನ್ ಅನ್ನಾಕಿ ಭಾಳ ಅಚ್ಚುಕಟ್ಟು. ಅಷ್ಟುದ್ದ ನೂಲು ಸಿಕ್ಕಾಗದಂಗ ಮಡಚಿ ಮಡಚಿ ಇಡ್ತಾಳ. ಕೊಹೆಸಿನ್ ಅಂದ್ರ ಕೈಬಳಿ ಇದ್ದಂಗ. ಪಡಿಯಚ್ಚಿನಂಥ ಎರಡು ಎಳಿ ಕೂಡಿಸಿ ಹಿಡಿತೈತಿ. ಎರಡೂ ಕಡಿಯಿಂದ ಎಳಿಯೋ ದಾರ ಎಲ್ಲಾ ಜೋಡಿನೂ ಸರಿಯಾಗಿ ಹಿಡದಾವಂತ ಖಾತ್ರಿ ಆದಮ್ಯಾಲೇ ಬಳಿ ಒಡಿಯೂದು. ಅವಸರ ಮಾಡಿದ್ರ ಒಂದು ಜೀವಕಣಕ್ಕ ಹೆಚ್ಚು, ಇನ್ನೊಂದಕ್ಕ ಕಡಿಮಿ."

ಅವಸರ ಮಾಡಿದವಳು ನಾನು. ಸಾಫ್ಟ್‌ವೇರ್ ಕೆಲಸಕ್ಕೆ ಹೈಟೆಕ್ ಸಿಟಿ ಸೇರಿದ ಗೆಳತಿಯರನ್ನು ಕಂಡು ಹೊಟ್ಟೆ ಉರಿದು, ಕಂಪ್ಯೂಟರ್ ಕೋರ್ಸಿಗೆ ಸೇರಲು ಹೊರಟಿದ್ದೆ. ಅದೇ ದಿನ ನನ್ನ ಕೈಯಲ್ಲಿದ್ದದ್ದು ಶಂಶಾಬಾದಿನಲ್ಲಿ ಕಟ್ಟಡ ಕೆಲಸಕ್ಕಿದ್ದ ಯಾದಗಿರಿಯ ಒಬ್ಬನ ರಕ್ತ. ಅವನ ಹೆಂಡತಿಗೆ ಮೂರು ಬಾರಿ ಬಸಿರು ಕಟ್ಟಿಯೂ ನಿಂತಿರಲಿಲ್ಲ. ಅವಳ ರಿಪೋರ್ಟು ಸರಿಯಿತ್ತು. ಇವನದೂ ಸರಿ ಬಂದರೆ ದೋಷ ಸೊಸೆಯ ಹೊಟ್ಟೆಯದೇ, ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಅತ್ತೆ ಲ್ಯಾಬಿನ ಬೆಂಚಿನ ಮೇಲೆ ಕೂತೇ ಹೇಳಿದ್ದಳು.

ಜೀವಕಣಗಳ ವಿಭಜನೆಯನ್ನು ನಡುವೆ ತಡೆಯುವ ಔಷಧಿಯನ್ನು ಹಾಕಿ ಮುಕ್ಕಾಲು ಗಂಟೆಗೆ ತೆಗೆಯಬೇಕು. ನಾನು ಕೋರ್ಸಿಗೆ ಹೆಸರು ಬರೆಸಿ ಬರುವಷ್ಟರಲ್ಲಿ ಮೂರು ಗಂಟೆ ಕಳೆದುಹೋಗಿತ್ತು. ಬೇರ್ಪಡಲಾಗದೆ ನಿಂತ ಕ್ರೋಮೋಸೋಮುಗಳು ಅಲ್ಲೇ ಮತ್ತಷ್ಟು ಮಡಚಿಕೊಂಡು ಮೋಟಾಗಿದ್ದವು. ಒಂದೊಂದರ ಗುರುತು ಹಿಡಿಯುವ ಅಡ್ಡಪಟ್ಟೆಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಎಣಿಸಿದೆ, ನಲವತ್ತಾರಿತ್ತು, 'ನಾರ್ಮಲ್' ಎಂದು ಬರೆದೆ.

ನನ್ನ ಸ್ಲೈಡನ್ನು ನೋಡುತ್ತಿದ್ದ ಶಾಂತಕ್ಕ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದರು. "ಔಷಧ ಎಷ್ಟು ಹೊತ್ತು ಇಟ್ಟಿದ್ದಿ?"

"ಮುಕ್ಕಾಲು ಗಂಟೆ ಶಾಂತಕ್ಕ."

"ನನ್ನ ಮುಂದ ಸುಳ್ಳು ನಡೀತೈತಿ ತಂಗಿ. ಸ್ಲೈಡ್ ಮುಂದ ನಡೆಯೂದಿಲ್ಲ."

ನನಗೆ ಅಳು ಬಂತು. ಅವರು ಬೈಯಲಿಲ್ಲ. ರಿಪೋರ್ಟು ಹರಿದು ಹೊರಗೆ ಹೋಗಿ, "ತಪ್ಪು ನಮ್ಮದೈತ್ರಿ, ಇನ್ನೊಮ್ಮೆ ರಕ್ತ ಕೊಡ್ರಿ" ಎಂದು ಆ ಕೂಲಿಯವರಿಗೆ ಕೈಮುಗಿದರು. ನನ್ನ ಹೆಸರು ಎತ್ತಲಿಲ್ಲ. ಆ ಋಣ ನಾನು ಸಾಯುವವರೆಗೂ ಮರೆಯುವುದಿಲ್ಲ.

ಎರಡನೆಯ ಸಲ ಕ್ರೋಮೋಸೋಮುಗಳು ನೀಳವಾಗಿ ಬಂದವು. ಶಾಂತಕ್ಕ ಕತ್ತರಿಸಿ ಹೊಂದಿಸುತ್ತ ಹೋದರು. ಎರಡಕ್ಕೆ ಸರಿಯಾದ ಜೋಡಿ ಸಿಗಲಿಲ್ಲ. ಒಂದರ ತುದಿ ಮುರಿದು ಇನ್ನೊಂದರ ಮೇಲೆ ಕೂತಿತ್ತು, ಅದರ ತುದಿ ಇಲ್ಲಿಗೆ ಬಂದಿತ್ತು. ಬಸಿರು ನಿಲ್ಲದಿದ್ದುದು ಇದರಿಂದಲೇ.

"ಹಂಗಾರ ನನ್ನ ಮಗಂದಾ ತಪ್ಪು?" ಎಂದಳು ಅತ್ತೆ.

"ಯಾರದೂ ತಪ್ಪಲ್ಲವ್ವ. ಅಂವಗ ಹುಟ್ಟಿದಾಗಿಂದ ಹಂಗ ಐತಿ. ಕೂಸು ನಿಲ್ಲೂದೂ ಐತಿ, ಡಾಕ್ಟರ್ ಹೇಳ್ತಾರ. ಸೊಸಿ ಕೈ ಮಾತ್ರ ಬಿಡಬ್ಯಾಡ್ರಿ."

ಮೂಲೆಯಲ್ಲಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಕಂಪ್ಯೂಟರ್ ಕೋರ್ಸಿನ ಕಡೆ ಮತ್ತೆ ತಲೆಹಾಕಲಿಲ್ಲ.

ಮುಂದೆ ನಮ್ಮಲ್ಲೂ ಜೋಡಿ ಹೊಂದಿಸುವ ಕಂಪ್ಯೂಟರ್ ಬಂತು. ಶಾಂತಕ್ಕ ಕತ್ತರಿಯನ್ನು ನನಗೆ ಕೊಟ್ಟು ನಿವೃತ್ತರಾದರು. ನಾಲ್ಕು ವರ್ಷದ ಮೇಲೆ ಒಂದು ದಿನ ಅವರದೇ ಅಸ್ಥಿಮಜ್ಜೆಯ ಸ್ಯಾಂಪಲ್ಲು ರಕ್ತದ ಕ್ಯಾನ್ಸರಿನ ಪರೀಕ್ಷೆಗೆಂದು ಲ್ಯಾಬಿಗೆ ಬಂತು. ಅಂದು ಗಡಿಯಾರದ ಮುಂದಿನಿಂದ ನಾನು ಕದಲಲಿಲ್ಲ. ಪಟ್ಟೆಗಳು ಸ್ಪಷ್ಟವಾಗಿ ಬಂದವು. ಕ್ರೋಮೋಸೋಮುಗಳು ಎರಡು ಕಡೆ ಮುರಿದಿದ್ದವು, ಒಂದು ಇರಲೇ ಇಲ್ಲ.

ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು, "ಎಲ್ಲ ಸರಿಯಿದೆ ಶಾಂತಕ್ಕ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಔಷಧ ಎಷ್ಟು ಹೊತ್ತು ಇಟ್ಟಿದ್ದಿ?"

"ಮುಕ್ಕಾಲು ಗಂಟೆ."

"ಖರೇನಾ?"

"ಖರೇನೇ ಶಾಂತಕ್ಕ."

"ಹಂಗಾರ ಸ್ಲೈಡ್ ಛಲೋ ಬಂದಿರ್ತೈತಿ ಬಿಡು" ಎಂದು ನನ್ನ ಕೈ ತಟ್ಟಿ, ಗೋಡೆಯ ಕಡೆ ಹೊರಳಿದರು.