ರುದ್ರಪ್ಪನವರ ಖಾತೆ ತೆಗೆದದ್ದು

ಅಜ್ಜಂಪುರ ಹೊಸ ತಾಲ್ಲೂಕಾಗಿ ಕೆಲವು ವರ್ಷಗಳಾಗಿದ್ದವು. ಕೊರೊನಾ ಕಳೆದು ಜನ ಮಾಸ್ಕ್ ಬಿಟ್ಟಿದ್ದರು. ಆಗ ನಾನು ಕಡೂರಿನ ಒಂದು ಸಣ್ಣ ಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕಿ. ಪತ್ರಿಕೆಗೆ ವೆಬ್‌ಸೈಟ್ ಮಾಡಿದಾಗ ಅದರ ಸರ್ವರ್ ನೋಡಿಕೊಳ್ಳುವ ಕೆಲಸವೂ ನನ್ನ ಮೇಜಿಗೇ ಬಂದಿತ್ತು.

ಸರ್ವರ್ ಎಂದರೆ ಸದಾ ಚಾಲೂ ಇದ್ದು, ಯಾರು ಕೇಳಿದರೂ ತನ್ನಲ್ಲಿರುವ ಫೈಲ್‌ಗಳನ್ನು ಒದಗಿಸುವ ಕಂಪ್ಯೂಟರ್. ನಮ್ಮದು ಬಾಡಿಗೆಯದು, ಮುಂಬೈಯಲ್ಲಿತ್ತು. ಅದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಚೇರಿಯ ಪಿಸಿಯಲ್ಲಿ ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಕಂಟ್ರೋಲ್ ಪ್ಯಾನಲ್ ಮೂಡುತ್ತಿತ್ತು. ಕೈಗೆ ಸಿಗುವ ಗುಂಡಿಗಳಲ್ಲ, ಗುಂಡಿಗಳ ಚಿತ್ರಗಳು. ಡಿಸ್ಕ್ ಎಷ್ಟು ತುಂಬಿದೆ, ಬ್ಯಾಕಪ್ ಆಗಿದೆಯೇ, ಸೈಟ್ ನಡೆಯುತ್ತಿದೆಯೇ ಎಂಬುದೆಲ್ಲ ಅಲ್ಲೇ ಕಾಣುತ್ತಿತ್ತು. ಇಲ್ಲಿ ಒತ್ತಿದರೆ ಅಲ್ಲಿನ ಯಂತ್ರ ಮಾತು ಕೇಳುತ್ತಿತ್ತು. ಪ್ರತಿ ವರದಿಗಾರರಿಗೂ ಅದರಲ್ಲಿ ಒಂದೊಂದು ಅಕೌಂಟ್ ಇತ್ತು. ನಾವು ಅದನ್ನು ಖಾತೆ ಎನ್ನುತ್ತಿದ್ದೆವು. ಪ್ಯಾನಲ್ ಬಳಸುವ ಅಧಿಕಾರ ಇದ್ದದ್ದು ಇಬ್ಬರಿಗೆ: ನನಗೆ ಮತ್ತು ತರೀಕೆರೆ ಕಚೇರಿಯ ಮಂಜಣ್ಣನಿಗೆ.

ಅಜ್ಜಂಪುರದ ವರದಿಗಾರ ರುದ್ರಪ್ಪನವರು. ಬರೆಯುವುದಕ್ಕಿಂತ ಹೇಳುವುದು ಅವರಿಗೆ ಸಲೀಸು. ಹಾಗಾಗಿ ಅವರು ದಿನವೂ ಮೊಬೈಲ್‌ನಲ್ಲಿ ಸುದ್ದಿ ಓದಿ ಕಳಿಸುತ್ತಿದ್ದರು, ಓದುಗರು ಸೈಟಿನಲ್ಲಿ ಒತ್ತಿ ಕೇಳುತ್ತಿದ್ದರು. ಈರುಳ್ಳಿ ದರ, ಕೆಟ್ಟು ನಿಂತ ಬೋರ್‌ವೆಲ್ಲು, ತಡವಾದ ರೈಲು, ತೀರಿಕೊಂಡವರ ಹೆಸರು. ಮೊದಲ ದಿನ ಅವರು ಫೋನಿನಲ್ಲಿ ಕೇಳಿದ್ದು ನೆನಪಿದೆ.

"ಮೇಡಂ, ಆ ಸರ್ವರ್ರು ಎಲ್ಲೈತೆ? ಕಡೂರಲ್ಲಾ?"

"ಮುಂಬೈಯಲ್ಲಿ."

"ಅಜ್ಜಂಪುರದ್ ಸುದ್ದಿ ಮುಂಬೈಗೋಗಿ ಕಡೂರಿಗ್ ಬರ್ಬೇಕಾ? ಬಸ್ಸಲ್ ಕೊಟ್ ಕಳಿಸ್ತೀನಿ ಬಿಡ್ರೀ, ಬೇಗ ಮುಟ್ಟುತ್ತೆ."

ಅವರ ಫೋನ್ ಹಳೆಯದು, ಜಾಗ ಕಡಿಮೆ. ಕಳಿಸಿದ ತಕ್ಷಣ ರೆಕಾರ್ಡಿಂಗ್ ಅಳಿಸಿಬಿಡುತ್ತಿದ್ದರು. ಹೀಗಾಗಿ ಅವರ ಧ್ವನಿ ಉಳಿದಿದ್ದುದು ಒಂದೇ ಕಡೆ, ಸರ್ವರ್‌ನಲ್ಲಿದ್ದ ಅವರ ಖಾತೆಯಲ್ಲಿ.

ಒಂದು ಬೆಳಿಗ್ಗೆ ರುದ್ರಪ್ಪನವರು ಹೃದಯಾಘಾತದಿಂದ ತೀರಿಕೊಂಡರು. ಅವರ ಸಾವಿನ ಸುದ್ದಿಯನ್ನು ನಾನೇ ಬರೆದೆ. ಎಂದಿನ ಅಳತೆ, ಎಂದಿನ ಒಕ್ಕಣೆ. ಅಜ್ಜಂಪುರದ ಧ್ವನಿ ಸುದ್ದಿ ಅಂದಿಗೆ ನಿಂತಿತು. ಹಳೆಯವು ಸೈಟಿನಲ್ಲಿ ಹಾಗೇ ಇದ್ದವು. ಆದರೆ ಅವರ ಹೆಂಡತಿ ಗಿರಿಜಮ್ಮನವರ ಮೊಬೈಲ್ ಗುಂಡಿ ಒತ್ತುವಂಥದ್ದು, ಅದರಲ್ಲಿ ಸೈಟ್ ಬರುತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಗಿರಿಜಮ್ಮ ತರೀಕೆರೆಗೆ ಹೋದರು. ನಮ್ಮಲ್ಲಿ ಸಾವಾದ ಮನೆಯವರು ಮಾಡಬೇಕಾದ ಓಡಾಟ ಎಲ್ಲರಿಗೂ ಗೊತ್ತು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಜಮೀನಿಗೆ ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಹೆಸರು ಹೋಗಿ ವಾರಸುದಾರರ ಹೆಸರು ಕೂರಬೇಕು. ಬ್ಯಾಂಕು, ಗ್ಯಾಸು, ಎಲ್ಲ ಕಡೆಯೂ ಇದೇ. ಆ ದಿನ ಅವರು ಬ್ಯಾಂಕಿನ ಕೆಲಸ ಮುಗಿಸಿಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಅದನ್ನೇ ಮಂಜಣ್ಣನಿಗೆ ಹೇಳಿ, ಕೊನೆಗೆ ಅಂದರಂತೆ:

"ನಮ್ಮೋರ ಖಾತೆ ಒಂದ್ ತೆಗ್ದ್‌ಬಿಡಪ್ಪ ಮಂಜಣ್ಣ."

"ಆಯ್ತಕ್ಕ. ಅದುನ್ನ ನಂಗ್ ಬಿಡಿ. ನೀವ್ ಮೊದ್ಲು ಟೀ ಕುಡೀರಿ."

ಬಾಗಿಲನ್ನೂ ತೆಗೆಯುತ್ತೇವೆ, ಮುಳ್ಳನ್ನೂ ತೆಗೆಯುತ್ತೇವೆ. ಗಿರಿಜಮ್ಮ ಹೇಳಿದ್ದು ಬಾಗಿಲಿನ ತೆಗೆ. ಖಾತೆ ತೆರೆದುಕೊಟ್ಟರೆ, ಪಕ್ಕದ ಮನೆಯವರ ದೊಡ್ಡ ಫೋನಿನಲ್ಲಾದರೂ ಗಂಡನ ಮಾತು ಕೇಳಬಹುದು ಎಂಬ ಆಸೆ. ಸೈಟಿನಲ್ಲಿ ಅದು ಎಲ್ಲರಿಗೂ ತೆರೆದೇ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಹೆಸರು ತೆಗೆಸುತ್ತ ತಿರುಗಿದವರು ಇದನ್ನೂ ತೆಗೆಸಲು ಬಂದಿದ್ದಾರೆ ಎಂದು ಮಂಜಣ್ಣ ತಿಳಿದ. ಪಾಪ, ಇನ್ನೊಂದು ಸಲ ಓಡಾಡಿಸುವುದು ಬೇಡ ಎಂದು ಅವರೆದುರೇ ಪ್ಯಾನಲ್ ತೆರೆದ. ಖಾತೆಯ ಜೊತೆ ಫೈಲ್‌ಗಳನ್ನೂ ಅಳಿಸಲೇ ಎಂಬ ಸಾಲಿಗೆ ಪ್ಯಾನಲ್ ತಾನೇ ಟಿಕ್ ಹಾಕಿಕೊಂಡಿತ್ತು. ಖಚಿತವೇ ಎಂದು ಕೇಳಿತು. ಅವನು ಹೌದು ಎಂದು ಒತ್ತಿದ. ಗಿರಿಜಮ್ಮ ಟೀ ಕುಡಿದು, ಕೈ ಮುಗಿದು, ಬಸ್ಸು ಹತ್ತಿದರು.

ಮನೆಗೆ ಹೋಗಿ ಅವರು ಕಾದರು. ಅವರು ಕಂಡಿದ್ದ ಕಚೇರಿಗಳಲ್ಲಿ ಯಾವ ಕೆಲಸವೂ ಒಂದು ವಾರದಲ್ಲಿ ಆದದ್ದಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹಿಂಜರಿಯುತ್ತಲೇ ನನಗೆ ಫೋನ್ ಮಾಡಿದರು.

"ಬೈಕೋಬೇಡಿ ಮೇಡಂ. ಮಂಜಣ್ಣ ಖಾತೆ ತೆಗೀತೀನಿ ಅಂದಿದ್ದ. ಪಕ್ಕದ್ಮನೆ ಹುಡ್ಗಿ ಫೋನಲ್ಲಿ ಒತ್ತಿದ್ರೆ ಏನೂ ಕೇಳ್ಸಲ್ಲ. ಇನ್ನೂ ಟೈಮ್ ಹಿಡಿಯುತ್ತಾ?"

ಪಿಸಿಯಲ್ಲಿ ಪ್ಯಾನಲ್ ತೆರೆದೆ. ಬಳಕೆದಾರರ ಸಾಲಿನಲ್ಲಿ ರುದ್ರಪ್ಪನವರ ಹೆಸರಿರಲಿಲ್ಲ. ಸೈಟಿನ ಪುಟದಲ್ಲಿ ಅವರ ಭಾವಚಿತ್ರದ ಕೆಳಗೆ ಫೈಲ್ ಸಿಗುತ್ತಿಲ್ಲ ಎಂಬ ಸಾಲು. ಮಂಜಣ್ಣನಿಗೆ ಫೋನ್ ಮಾಡಿದೆ. "ಅಕ್ಕನೇ ತೆಗಿ ಅಂದ್ರಲ್ಲ ಮೇಡಂ," ಎಂದ. ಗಿರಿಜಮ್ಮ ಗಂಡನ ಧ್ವನಿ ಕೇಳಲು ಕಾದಿದ್ದಾರೆ ಎಂದೆ. "ಅಯ್ಯೋ, ಆ ತೆಗಿಯಾ..." ಎಂದಷ್ಟೇ ಕೇಳಿಸಿತು.

ಬ್ಯಾಕಪ್ ಎಂದರೆ ಸರ್ವರ್‌ನಲ್ಲಿರುವುದರ ನಕಲು. ನಮ್ಮದು ದಿನವೂ ಆಗುತ್ತಿತ್ತು, ಆದರೆ ಒಂದು ವಾರದ ನಕಲುಗಳಷ್ಟೇ ಉಳಿಯುತ್ತಿದ್ದವು. ಹೊಸದು ಬಂದರೆ ಹಳೆಯದಕ್ಕೆ ಜಾಗವಿಲ್ಲ. ಗಿರಿಜಮ್ಮ ತೊಂದರೆ ಕೊಡಬಾರದೆಂದು ಸುಮ್ಮನೆ ಕಾದ ದಿನಗಳಲ್ಲಿ, ರುದ್ರಪ್ಪನವರು ಇದ್ದ ನಕಲುಗಳು ಒಂದೊಂದಾಗಿ ಹೋಗಿದ್ದವು. ಬಾಡಿಗೆಗೆ ಕೊಟ್ಟ ಕಂಪನಿಗೆ ಬರೆದೆ. ಅಳಿಸಿದ್ದನ್ನು ಮರಳಿ ಪಡೆಯಲಾಗದು ಎಂದು ಮರ್ಯಾದೆಯಿಂದಲೇ ಉತ್ತರ ಬಂತು.

ಪ್ಯಾನಲ್ಲಿನ ಒಂದು ಮೂಲೆಯಲ್ಲಿ ಸ್ನ್ಯಾಪ್‌ಶಾಟ್ ಒಂದಿತ್ತು. ಒಂದು ಗಳಿಗೆಯಲ್ಲಿ ಇಡೀ ಸರ್ವರ್ ಹೇಗಿತ್ತೋ ಹಾಗೆ ತೆಗೆದಿಟ್ಟ ಪಡಿಯಚ್ಚು ಅದು. ಸೈಟ್ ಆರಂಭಿಸುವ ಮುನ್ನ ನಾನು ತೆಗೆದಿಟ್ಟು ಮರೆತದ್ದು. ಅದನ್ನು ನೇರವಾಗಿ ವಾಪಸ್ ಹಾಕಿದರೆ ಪತ್ರಿಕೆಯ ಆಮೇಲಿನ ಸುದ್ದಿಯೆಲ್ಲ ಅಳಿಯುತ್ತಿತ್ತು. ಅದಕ್ಕೆಂದೇ ಇನ್ನೊಂದು ಸರ್ವರ್ ಬಾಡಿಗೆಗೆ ಹಿಡಿದು, ಅದರಲ್ಲಿ ಆ ಪಡಿಯಚ್ಚನ್ನು ಹಾಕಿದೆ. ರುದ್ರಪ್ಪನವರ ಖಾತೆ ಅದರಲ್ಲಿತ್ತು. ಒಳಗೆ ಇದ್ದದ್ದು ಒಂದೇ ಫೈಲ್, ಧ್ವನಿ ಸರಿಯಾಗಿ ಬರುತ್ತದೆಯೇ ನೋಡಲು ನಾನು ಕೇಳಿ ತರಿಸಿಕೊಂಡಿದ್ದ ಮೊದಲ ರೆಕಾರ್ಡಿಂಗ್.

ಅದನ್ನು ಫೋನಿಗೆ ಇಳಿಸಿಕೊಂಡು ಅಜ್ಜಂಪುರಕ್ಕೆ ಹೋದೆ. ಮಂಜಣ್ಣನೂ ತರೀಕೆರೆಯಿಂದ ಬಂದ. ಒಳಗೆ ಬರಲು ಒಪ್ಪದೆ ಬಾಗಿಲಲ್ಲೇ ನಿಂತ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಉಳಿದವು ಸಿಗುವುದಿಲ್ಲ ಎಂಬುದನ್ನೂ ಹೇಳಿದೆ. ಗಿರಿಜಮ್ಮ ಮಂಜಣ್ಣನ ಕಡೆ ನೋಡಿದರು.

"ಒಳಗ್ ಬಾರೋ. ಹೊರಗ್ ನಿಂತ್ರೆ ಬಂದ್ಬಿಡುತ್ತಾ? ನಾನೂ ಹಂಗೇ ಹೇಳಿದ್ದೆ ಕಣೋ."

ಅಡುಗೆಮನೆಯಲ್ಲೇ ಕೂತು ಫೈಲ್ ಹಾಕಿದೆ. ರುದ್ರಪ್ಪನವರ ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಮಾತು.

"ಹಲೋ, ಹಲೋ. ಏ ಗಿರಿಜಾ, ಆ ಸ್ಟವ್ ಆಫ್ ಮಾಡೇ, ಸುದ್ದಿ ಕೇಳ್ಸಲ್ಲ."

ದೂರದಿಂದ ಗಿರಿಜಮ್ಮನದೇ ದನಿ: "ಬೇಳೆ ಬೇಯೋದ್ ಬ್ಯಾಡ್ವಾ? ನಿಮ್ ಸುದ್ದಿ ಉಣ್ಣಕ್ಕಾಗುತ್ತಾ?"

ರುದ್ರಪ್ಪನವರು ನಕ್ಕರು. "ಅಜ್ಜಂಪುರದಿಂದ ನಾನು..." ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತು. ಅಲ್ಲಿಗೆ ಮುಗಿಯಿತು.

"ಹೆಸ್ರು ಹೇಳಕ್ಕೂ ಬಿಡ್ಲಿಲ್ಲ ನೋಡಿ," ಎಂದರು ಗಿರಿಜಮ್ಮ. ಇನ್ನೊಮ್ಮೆ ಹಾಕಿ ಎಂದರು. ಹಾಕಿದೆ. ಕುಕ್ಕರ್ ಕೂಗುವ ಜಾಗ ಬರುವ ಮೊದಲೇ ಅವರ ಕೈ ಪಕ್ಕದಲ್ಲಿದ್ದ ಸ್ಟವ್ ಕಡೆ ಚಾಚಿತ್ತು. ಸ್ಟವ್ ಉರಿಯುತ್ತಿರಲಿಲ್ಲ.

ಆಮೇಲೆ ಪ್ಯಾನಲ್ಲಿನ ಟಿಕ್ ತೆಗೆಸಿದೆ. ಬ್ಯಾಕಪ್ ಹೆಚ್ಚು ಕಾಲ ಇರುವಂತೆ ಮಾಡಿದೆ. ನಮ್ಮ ಎರಡೂ ಕಚೇರಿಗಳಲ್ಲಿ ಖಾತೆಯ ವಿಷಯಕ್ಕೆ ತೆಗೆ ಎಂಬ ಮಾತು ನಿಂತಿತು. ತೆರೆ ಎನ್ನಬೇಕು, ಇಲ್ಲವೇ ಅಳಿಸು ಎನ್ನಬೇಕು. ಆದರೆ ವೃತ್ತಿ ನನಗೆ ಕಲಿಸಿದ್ದು ಇನ್ನೂ ಸಣ್ಣ ಸಂಗತಿ. ಅಳಿಸುವ ಮೊದಲು ಯಂತ್ರ ಖಚಿತವೇ ಎಂದು ಕೇಳುತ್ತದೆ. ಅದು ಕೇಳುವುದು ಗುಂಡಿ ಒತ್ತುವವರನ್ನು. ಎದುರಿಗೆ ಟೀ ಕುಡಿಯುತ್ತ ಕೂತವರನ್ನು ನಾವೇ ಕೇಳಬೇಕು.