ಮೆಲ್ಲಗೆ ಊದಿದ ಹದಿನಾಲ್ಕು ವರ್ಷ

ಬರ್ಲಿನ್ನಿಗೆ ಬಂದಿಳಿದ ಮೂರನೆಯ ದಿನ, ಭಾನುವಾರ ಬೆಳಗ್ಗೆ, ಪೆಟ್ಟಿಗೆಯಿಂದ ಟ್ರಂಪೆಟ್ ತೆಗೆದು ಒಂದೇ ಒಂದು ಸ್ವರ ಊದಿದೆ. ಎರಡನೆಯದಕ್ಕೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ಮೇಲಿನ ಮನೆಯ ಅಜ್ಜ. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿ ಬಂದಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ಕಟ್ಟಡದಲ್ಲಿ ಏನೋ ಅನಾಹುತವಾಗಿದೆ, ಎಲ್ಲರೂ ಹೊರಗೆ ಬನ್ನಿ ಎಂದು ಯಾರೋ ಎಚ್ಚರಿಸುತ್ತಿದ್ದಾರೆ ಎಂದುಕೊಂಡಿದ್ದರಂತೆ. ನನ್ನ ಕೈಯಲ್ಲಿದ್ದ ವಾದ್ಯ ಕಂಡ ಮೇಲೆ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು. ಒಂದೇ ಮಾತು ಹೇಳಿ ಮೇಲೆ ಹೋದರು: "ರೂಯೆತ್ಸೈಟ್."

ಅದರ ಅರ್ಥ ನನಗೆ ತಿಳಿದದ್ದು ಸಂಜೆ. ರೂಯೆತ್ಸೈಟ್ ಎಂದರೆ ಸದ್ದು ಮಾಡಬಾರದ ಹೊತ್ತು. ಇಲ್ಲಿ ರಾತ್ರಿ ಹತ್ತರ ನಂತರ ಅಂಥ ಹೊತ್ತು. ಭಾನುವಾರವಂತೂ ಇಡೀ ದಿನ ಅಂಥ ಹೊತ್ತು. ನನ್ನ ಕಟ್ಟಡದಲ್ಲಿ ಮಧ್ಯಾಹ್ನ ಊಟವಾದ ಮೇಲೂ ಎರಡು ತಾಸು ಹಾಗೆಯೇ ಇರಬೇಕೆಂದು ಕೆಳಗಿನ ಗೋಡೆಗೆ ಚೀಟಿ ಅಂಟಿಸಿದ್ದರು. ಮೌನಕ್ಕೂ ಒಂದು ವೇಳಾಪಟ್ಟಿ ಇರುತ್ತದೆ ಎಂಬುದು ನನಗೆ ಹೊಸದು.

ನಾನು ತೆಲುಗು ಸೀಮೆಯ ಗಡಿಯ ಮಕ್ತಲ್ ಕಡೆಯವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬ್ಯಾಂಡಿನಲ್ಲಿ ದಖನಿ ಉರ್ದು. ಅಪ್ಪ ಕುರಿ ಕಾಯುತ್ತಿದ್ದ. ಬೀರಪ್ಪ ದೇವರ ಒಕ್ಕಲಾದ್ದರಿಂದ ನನಗೂ ಅದೇ ಹೆಸರಿಟ್ಟರು. ಹತ್ತನೆಯ ತರಗತಿ ಮುಗಿಸಿ ಮದುವೆ ಬ್ಯಾಂಡಿಗೆ ಸೇರಿದೆ, ಹನ್ನೊಂದು ವರ್ಷ ಊದಿದೆ. ನನಗೆ ಟ್ರಂಪೆಟ್ ಹಿಡಿಯಲು ಕಲಿಸಿದವರು ಆ ಬ್ಯಾಂಡಿನ ಯಜಮಾನರಾದ ಹುಸೇನ್ ಮಾಸ್ತರು. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಅವರು ಊದುತ್ತ ಬಂದರೆ ಮಗ್ಗಗಳು ನಿಲ್ಲುತ್ತಿದ್ದವು. ಗದ್ವಾಲದ ಕೋಟೆ ಬಾಗಿಲಲ್ಲಿ ನಿಂತು ಊದಿದರೆ ಆಚೆ ಬದಿಯ ಜನ ಮೆರವಣಿಗೆ ಹೊರಟಿತೆಂದು ಶರಬತ್ತು ಕಲಸಲು ಶುರುಮಾಡುತ್ತಿದ್ದರು.

ಮೊದಲ ವಾರವೇ ಅವರು ನನಗೆ ಹೇಳಿದ ಮಾತು ಇದು: "ಬೀರ್ಯಾ, ಮುಂದ ನಿಂತು ಕುಣಿಯಾವ್ರಿಗಿ ಊದಬ್ಯಾಡೋ. ಕಾಲು ಬ್ಯಾನಿ ಅಂತ ಮನ್ಯಾಗ ಕುಂತಾಳಲ್ಲ ಮುದುಕಿ, ಮದುವಿಗಿ ಬರಾಕ ಆಗಿಲ್ಲ ಆಕೀಗಿ. ಆಕೀಗಿ ಊದು."

ನಮ್ಮ ಜೋರು ದನಿಯ ಹಿಂದೆ ಇದ್ದದ್ದು ಇಷ್ಟೇ. ಬರಲಾಗದವರ ಮನೆಗೂ ಮದುವೆ ಮುಟ್ಟಬೇಕು. ಬರ್ಲಿನ್ನಿನಲ್ಲಿ ಅದೇ ದನಿಗೆ ಒಬ್ಬ ಅಜ್ಜ ಜೀವ ಉಳಿಸಿಕೊಳ್ಳಲು ಓಡಿ ಬಂದರು.

ನಾನು ಇಲ್ಲಿಗೆ ಬಂದದ್ದು ಆಕಸ್ಮಿಕ. ಹೈದರಾಬಾದಿನ ಒಂದು ಹೋಟೆಲಿನ ಮುಂದೆ ಸಂಜೆಯ ಮೆರವಣಿಗೆಯಲ್ಲಿ ಊದುತ್ತಿದ್ದೆವು. ಅಲ್ಲಿ ಇಳಿದುಕೊಂಡಿದ್ದ ಜರ್ಮನಿಯ ಪಿಯಾನೋ ವಾದಕಿ ಕಾಟ್ರಿನ್ ಕೆಳಗಿಳಿದು ಬಂದು, ಮೆರವಣಿಗೆ ಮುಗಿಯುವವರೆಗೂ ನಮ್ಮ ಜೊತೆಗೇ ನಡೆದಳು. ಜಾಜ್ ಎಂಬ ಸಂಗೀತವನ್ನು ನಾನು ಮೊದಲು ಕೇಳಿದ್ದು ಅವಳ ಫೋನಿನಲ್ಲಿ. ಒಂದು ಧಾಟಿ ಹಿಡಿದು, ಅದರಿಂದ ಆಚೆ ಹೋಗಿ, ಮನಸ್ಸಿಗೆ ಬಂದಂತೆ ಸುತ್ತಾಡಿ, ಮತ್ತೆ ಅದಕ್ಕೇ ಬಂದು ಸೇರುವುದು. ಇದನ್ನು ನಾವೂ ಮಾಡುತ್ತೇವೆ, ವರನ ಕುದುರೆ ಮುಂದಕ್ಕೆ ಹೋಗದೆ ನಿಂತಾಗ, ಎಂದೆ. ಅವಳು ನಕ್ಕಳು. ಮೂರು ತಿಂಗಳ ಕಾರ್ಯಕ್ರಮವೊಂದಕ್ಕೆ ಕರೆಸಿಕೊಂಡಳು. ಮೂರು ತಿಂಗಳು ಹದಿನಾಲ್ಕು ವರ್ಷವಾಯಿತು.

ಹೊರಡುವಾಗ ಅವ್ವ ಹೇಳಿದ್ದು ಈಗಲೂ ಕಿವಿಯಲ್ಲಿದೆ. ದಾಮರಗಿದ್ದದಲ್ಲಿರುವ ಅವಳ ತವರಿನವರು ಪ್ರತಿ ವರ್ಷ ಮುಂಬಯಿಗೂ ಹೈದರಾಬಾದಿಗೂ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. "ಎಲ್ಲಾರೂ ಕಲ್ಲು ಹೊರಾಕ ಹೋಗ್ತಾರ, ನೀ ಊದಾಕ ಹೊಂಟಿ. ಎದಿಯಾಗಿನ ಗಾಳೀನೂ ಪರದೇಶದವ್ರಿಗೇ ಬೇಕಾತೇನೋ?" ಅಂದಳು.

ಇಲ್ಲಿ ನನ್ನ ಹೆಸರಿಗೂ ಒಂದು ಪೆಟ್ಟು ಬಿತ್ತು. ಜರ್ಮನ್ನರು ಬಿಯರಿಗೆ 'ಬೀರ್' ಎನ್ನುತ್ತಾರೆ. ಬೀರಪ್ಪ ಎಂದು ಹೇಳಿದೊಡನೆ ಎದುರಿನವರ ತುಟಿ ಬಿಗಿಯಾಗುತ್ತದೆ, ನಗು ತಡೆಯುವುದಕ್ಕೆ. ನಮ್ಮ ದೇವರು ಕುರಿ ಕಾದವನು, ಅವನ ಹೆಸರು ಎಂದು ವಿವರಿಸುತ್ತ ಬಂದೆ. ಮೂರನೆಯ ವರ್ಷ ಆ ವಿವರಣೆ ಬಿಟ್ಟು ನಾನೂ ಅವರ ಜೊತೆ ನಗತೊಡಗಿದೆ. ಅದು ಸರಿಯಿತ್ತೋ ಇಲ್ಲವೋ ಎಂದು ಈಗ ಅನುಮಾನವಾಗುತ್ತದೆ.

ನಾನಿದ್ದದ್ದು 'ವೇ-ಗೇ'ಯಲ್ಲಿ. ನಾಲ್ಕು ಜನ ಅಪರಿಚಿತರು ಒಂದೇ ಅಡುಗೆಮನೆ ಹಂಚಿಕೊಂಡು ಇರುವ ಮನೆಗೆ ಆ ಹೆಸರು. ನನ್ನ ಕೋಣೆಯ ಗೋಡೆಯೊಳಗೆ ಕೋಟುಗಳನ್ನು ತೂಗುಹಾಕುವ ಆಳದ ಬೀರು ಇತ್ತು. ಎಲ್ಲರ ಚಳಿಗಾಲದ ಉಣ್ಣೆ ಕೋಟುಗಳೂ ಅಲ್ಲೇ. ಅಜ್ಜ ಬಂದು ಹೋದ ಮೇಲೆ ಬೇರೆ ದಾರಿ ಕಾಣದೆ ಆ ಬೀರುವಿನೊಳಗೆ ಕುಳಿತು, ಬಾಗಿಲು ಹಾಕಿಕೊಂಡು, ಟ್ರಂಪೆಟ್ಟಿನ ಬಾಯನ್ನು ಕೋಟುಗಳೊಳಗೆ ತುರುಕಿ ಊದುವುದನ್ನು ಅಭ್ಯಾಸ ಮಾಡಿಕೊಂಡೆ. ದನಿ ಏಳುವ ಮೊದಲೇ ಅದನ್ನು ತಡೆಯುವುದು, ತುಟಿ ಸಡಿಲ ಬಿಟ್ಟು ಉಸಿರನ್ನಷ್ಟೇ ಸ್ವರದ ಆಕಾರಕ್ಕೆ ತರುವುದು, ಹೀಗೆ ಚಳಿಗಾಲ ಮುಗಿಯುವಷ್ಟರಲ್ಲಿ ಪಕ್ಕದ ಕೋಣೆಗೂ ಕೇಳದಂತೆ ಒಂದು ಇಡೀ ಹಾಡನ್ನು ಊದಬಲ್ಲವನಾದೆ. ಹೊಟ್ಟೆಗೆ ಸಂಬಂಧಿಸಿದ ಗೆಲುವೂ ಆ ಚಳಿಗಾಲದಲ್ಲೇ ಸಿಕ್ಕಿತು. ಸುಡಾನಿನವನೊಬ್ಬನ ಅಂಗಡಿಯಲ್ಲಿ ಜೋಳದ ಹಿಟ್ಟು ಇತ್ತು! ಕೈಯಲ್ಲಿ ಹಿಡಿದು ಮೂಸಿ ನೋಡಿದೆ. ಅಂಗಡಿಯವನು, "ನಿಮ್ಮ ಊರಲ್ಲೂ ಇದನ್ನು ತಿನ್ನುತ್ತಾರೆಯೇ?" ಎಂದು ಕೇಳಿದ. ನಮ್ಮಿಬ್ಬರ ಜರ್ಮನ್ನೂ ಅಷ್ಟಕ್ಕಷ್ಟೇ. ಅವನು ತನ್ನ ತಾಯಿ ಹಿಟ್ಟು ಹುಳಿ ಬರಿಸಿ ತೆಳ್ಳಗೆ ಬೇಯಿಸುವುದನ್ನು ಕೈಯಲ್ಲೇ ತೋರಿಸಿದ, ನಾನು ನನ್ನ ಅವ್ವ ರೊಟ್ಟಿ ಬಡಿಯುವುದನ್ನು ತೋರಿಸಿದೆ. ಮನೆಗೆ ಬಂದು ನಾನು ಬಡಿದ ಮೊದಲ ರೊಟ್ಟಿಯ ಸದ್ದಿಗೆ ಅಜ್ಜ ಮತ್ತೆ ಕೆಳಗೆ ಬಂದರು. ಈ ಸಲ ಒಂದು ತುಂಡು ತಿಂದು ಹೋದರು.

ಒಂದು ದಿನ ಕಾಟ್ರಿನ್ ಹೇಳದೆ ಕೇಳದೆ ಬಂದಳು. ನಾನು ಬೀರುವಿನಲ್ಲಿದ್ದೆ. ಎಷ್ಟು ಹೊತ್ತು ಬೀರುವಿನ ಹೊರಗೆ ನಿಂತಿದ್ದಳೋ ಗೊತ್ತಿಲ್ಲ, ಬಾಗಿಲು ತೆರೆದಾಗ ಅವಳ ಕಣ್ಣು ತೇವವಾಗಿತ್ತು. "ನೀನು ಒಳಗೆ ಮಾಡುತ್ತಿದ್ದೀಯಲ್ಲ, ಅದನ್ನೇ ವೇದಿಕೆಯ ಮೇಲೆ ಮಾಡು," ಅಂದಳು.

"ಅದು ಊದುವುದಲ್ಲ, ಹೆದರಿಕೆ," ಅಂದೆ.

"ಯಾರಿಗೂ ಹಾಗೆ ಕೇಳಿಸುವುದಿಲ್ಲ," ಅಂದಳು.

ನನ್ನ ಬದುಕು ಅಲ್ಲಿಂದ ತಿರುಗಿತು. ಪುಟ್ಟ ಸಭಾಂಗಣಗಳಲ್ಲಿ, ಮೈಕಿಗೆ ಟ್ರಂಪೆಟ್ಟಿನ ಬಾಯಿ ತಾಗುವಷ್ಟು ಹತ್ತಿರ ನಿಂತು, ಉಸಿರಿಗೂ ಸ್ವರಕ್ಕೂ ನಡುವಿನ ಆ ದನಿಯನ್ನು ಊದಿದೆ. ಜನ ಕುರ್ಚಿ ಸರಿಸದೆ ಕುಳಿತು ಕೇಳಿದರು. ನಮ್ಮ ಮೊದಲ ಆಲ್ಬಮ್ ಬಂದಾಗ ಪತ್ರಿಕೆಯೊಂದು, ಈ ಟ್ರಂಪೆಟ್ ಮಾತಾಡುವುದಿಲ್ಲ, ಪಿಸುಗುಟ್ಟುತ್ತದೆ, ಇದರಲ್ಲಿ ಪೂರ್ವದ ಮೌನವಿದೆ ಎಂದೆಲ್ಲ ಬರೆಯಿತು. ಮಕ್ತಲ್ ಬಸ್ ನಿಲ್ದಾಣವನ್ನು ಒಮ್ಮೆ ಕಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆದರೂ ನಾನು ತಿದ್ದಲಿಲ್ಲ. ಕೇಳಿದವರಿಗೆಲ್ಲ ಹೌದು, ನಮ್ಮ ಬಯಲುಸೀಮೆಯ ಮೌನ ಎಂದೆ. ಹಳೆಯ ದನಿಯಲ್ಲಿ ಊದಬೇಕಾದ ಸಂದರ್ಭವೇ ಬರಲಿಲ್ಲ. ಎಂಟು ವರ್ಷ, ಹತ್ತು ವರ್ಷ ಹೀಗೆಯೇ ಕಳೆದವು. ಊರಿಗೆ ಎರಡು ಸಲ ಹೋದೆ, ಅಪ್ಪನ ಮಣ್ಣಿಗೊಮ್ಮೆ, ತಂಗಿಯ ಮದುವೆಗೊಮ್ಮೆ. ಎರಡು ಸಲವೂ ವಾದ್ಯ ಒಯ್ಯಲಿಲ್ಲ.

ನಾಲ್ಕು ವರ್ಷದ ಹಿಂದೆ ಮಾಸ್ತರ ಮಗ ರಫೀಕ್ ಫೋನ್ ಮಾಡಿದ. ಬ್ಯಾಂಡನ್ನು ಈಗ ಅವನೇ ನಡೆಸುತ್ತಾನೆ. ನಾವಿಬ್ಬರೂ ಒಟ್ಟಿಗೆ ಕಲಿತವರು.

"ಅಬ್ಬಾಗ ಕಿವಿ ಹೊಂಟಾವೋ," ಅಂದ. "ಜನ್ಮ ಎಲ್ಲಾ ಡ್ರಮ್ಮಿನ ಬಾಜೂಕ ನಿಂತಾರಲ್ಲ. ಇನ್ನೂ ಒಂದೀಟು ಕೇಳ್ತಾವ. ಬೀರ್ಯಾನ ಒಮ್ಮಿ ಕರಿ, ಅವ ಊದೋದು ಕೇಳ್ತೀನಿ ಅಂತ ದಿನಾ ಅಂತಾರ. ಬಂದು ಹೋಗು."

"ಬರ್ತೀನಿ ರಫೀಕ್. ಈ ಬ್ಯಾಸಗಿ ಕಾರ್ಯಕ್ರಮ ಮುಗಿಲಿ," ಅಂದೆ.

ಬೇಸಿಗೆ ಇಲ್ಲಿ ಸಂಗೀತೋತ್ಸವಗಳ ಕಾಲ. ಅದು ಮುಗಿದ ಮೇಲೆ ಹೊಸ ಆಲ್ಬಮ್ಮಿನ ರೆಕಾರ್ಡಿಂಗ್. ಆಮೇಲೆ ಆ ಆಲ್ಬಮ್ ಹಿಡಿದು ಊರೂರು ತಿರುಗಾಟ. ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಹತ್ತು ದಿನ ಬಿಡಿಸಿಕೊಂಡು ಹೋಗಬಹುದಿತ್ತು. ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇತ್ತು, ಅವರ ಮುಂದೆ ಏನು ಊದಲಿ ಎಂದು. ಅದನ್ನು ಕೆಲಸದ ನೆಪದಲ್ಲಿ ಮುಚ್ಚಿಟ್ಟೆ. ಹೋದದ್ದು ಎರಡು ವರ್ಷದ ನಂತರ.

ಮಾಸ್ತರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಮಧ್ಯಾಹ್ನದ ಊಟವಾಗಿತ್ತು. ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿದರು. ಕುರ್ಚಿಯ ಹತ್ತಿರ ಕೂರಿಸಿಕೊಂಡು ನನ್ನ ತುಟಿ ಮುಟ್ಟಿ ನೋಡಿದರು, ಊದುವವನ ತುಟಿಯಲ್ಲಿ ಮೂಡುವ ಗಟ್ಟಿ ಚರ್ಮ ಇದೆಯೇ ಎಂದು. "ತಗಿ ಬಾಜಾ," ಎಂದು ಸನ್ನೆ ಮಾಡಿದರು.

ಎದ್ದು ನಿಂತು, ಅವರೇ ನನಗೆ ಮೊದಲು ಕಲಿಸಿದ್ದನ್ನು ಊದಿದೆ. ನನ್ನಪ್ಪ ಹಾಡುತ್ತಿದ್ದ ಬೀರಪ್ಪನ ಪದದ ಧಾಟಿ ಅದು. ಅಪ್ಪನಿಂದ ಕೇಳಿಕೊಂಡು ಅವರು ಟ್ರಂಪೆಟ್ಟಿಗೆ ಕೂರಿಸಿದ್ದರು. ಕಣ್ಣು ಮುಚ್ಚಿಕೊಂಡು, ಬರ್ಲಿನ್ನಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುವ ಆ ದನಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಊದಿದೆ. ಅಷ್ಟು ಚೆನ್ನಾಗಿ ಹಿಂದೆ ಎಂದೂ ಊದಿರಲಿಲ್ಲ ಅನ್ನಿಸಿತು. ಕೊನೆಯ ಸ್ವರವನ್ನು ಗಾಳಿಯಲ್ಲಿ ಕರಗಿಸಿ, ಕಣ್ಣು ತೆರೆದು, ವಾದ್ಯ ಕೆಳಗಿಳಿಸಿದೆ.

ಮಾಸ್ತರು ನನ್ನನ್ನೇ ನೋಡುತ್ತಿದ್ದರು. "ಹಿಡಕೊಂಡು ಸುಮ್ನ ಯಾಕ ನಿಂತೀದಿ ಬೇಟಾ?" ಅಂದರು. "ಶುರು ಮಾಡು."

ರಫೀಕ್ ಮುಖ ಆಚೆ ತಿರುಗಿಸಿದ.

ವಾದ್ಯ ಮತ್ತೆ ಎತ್ತಿಕೊಂಡು, ಹಳೆಯ ಹಾಗೆ, ಹೊಟ್ಟೆಯಿಂದ ನೂಕಿ ಊದಿದೆ. ಮೂರನೆಯ ಸ್ವರಕ್ಕೆ ತುಟಿ ಕೈಕೊಟ್ಟಿತು. ದನಿ ಸೀಳಿ, ಹರಿದ ತಗಡಿನ ಸದ್ದು ಬಂತು. ಮತ್ತೆ ಊದಿದೆ, ಮತ್ತೆ ಸೀಳಿತು. ಮಾಸ್ತರು ಮುಂದಕ್ಕೆ ಬಾಗಿ ಟ್ರಂಪೆಟ್ಟಿನ ಬಾಯಿಗೆ ಅಂಗೈ ಒಡ್ಡಿದರು.

"ಗಾಳಿ ಬರ್ತೈತಿ," ಅಂದರು. "ಎದಿ ಚಲೋ ಐತಿ ನಿಂದು. ದನಿ ಎಲ್ಲಿ ಇಟ್ಟು ಬಂದಿ?"

ಬೈಯುವ ಮಾತಾಗಿರಲಿಲ್ಲ. ಕೊಡೆ ಮರೆತು ಬಂದವನನ್ನು ಕೇಳಿದಂತೆ ಕೇಳಿದರು. ನಾನು ಅವರ ಪಾದ ಹಿಡಿದು ಕುಳಿತುಬಿಟ್ಟೆ.

ಬಸ್ ನಿಲ್ದಾಣಕ್ಕೆ ಬಿಡಲು ಬಂದಾಗ ರಫೀಕ್ ಇನ್ನೊಂದು ವಿಷಯ ಹೇಳಿದ. "ನಿನ್ನ ಹಾಡು ಹಿಂದಕೊಮ್ಮಿ ಫೋನಿನಾಗ ಹಚ್ಚಿ ಕೇಳಿಸಿದ್ದೆ. ಆಗ ಕಿವಿ ಇನ್ನೂ ಇದ್ವು. ಈ ಫೋನು ಕೆಟ್ಟೈತಿ, ಅವನ ದನಿ ಹಿಂಗಿಲ್ಲ, ಅವನೇ ಬರ್ಲಿ, ಎದುರಿಗಿ ಕೇಳ್ತೀನಿ ಅಂದ್ರು. ನಾ ನಿನಗ ಹೇಳಿರ್ಲಿಲ್ಲ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಬರ್ತಿದ್ದಿಲ್ಲ," ಅಂದ.

ನಿಜ. ಬರುತ್ತಿರಲಿಲ್ಲ. ಅವನು ಮೊದಲು ಕರೆದಾಗಲೇ ಹೋಗಿದ್ದರೆ ಮಾಸ್ತರು ನನ್ನ ಪಿಸುದನಿಯನ್ನು ಕೇಳುತ್ತಿದ್ದರು. ಒಪ್ಪುತ್ತಿದ್ದರೋ ಬೈಯುತ್ತಿದ್ದರೋ, ಏನೋ ಒಂದು ಆಗುತ್ತಿತ್ತು. ನಾನು ಇಷ್ಟು ವರ್ಷದಲ್ಲಿ ಕಟ್ಟಿಕೊಂಡದ್ದನ್ನು ಸರಿಯಾಗಿ ಅಳೆಯಬಲ್ಲ ಒಬ್ಬರೇ ಒಬ್ಬರ ಕಿವಿ ನಾನು ಕಾಯಿಸಿದ್ದರಿಂದ ತಪ್ಪಿಹೋಯಿತು. ಇಲ್ಲಿಯ ಯಾವ ಪತ್ರಿಕೆಯೂ ಅದನ್ನು ತುಂಬಿಕೊಡಲಾರದು.

ಈ ವರ್ಷ ರಫೀಕನ ಮಗಳ ಮದುವೆ ಗೊತ್ತಾಗಿದೆ, ನಾರಾಯಣಪೇಟೆಯ ಮನೆತನ. ಅವನೇ ಫೋನ್ ಮಾಡಿದ. "ಬಾಜಾ ತಗೊಂಡೇ ಬಾ. ಮುಂದಿನ ಸಾಲು ಬ್ಯಾಡ. ಹಿಂದಿನ ಸಾಲಿನಾಗ ಆರು ಮಂದಿ ಊದ್ತೀವಿ, ಅದರಾಗ ನಿಂದೂ ಒಂದು. ಸೀಳಿದ್ರೂ ಯಾರಿಗೂ ತಿಳಿಯಂಗಿಲ್ಲ."

"ಮಾಸ್ತರಿಗಿ?"

"ಅಬ್ಬಾ ಎದುರಿಗಿ ಕುರ್ಚಿ ಹಾಕಸ್ಕೊಂಡು ಕುಂದರ್ತಾರ. ಕಿವಿ ಇಲ್ಲ ಅಂದ್ರೂ ಕುತ್ತಿಗಿ ನರ ನೋಡಿ ಹೇಳಿಬಿಡ್ತಾರೋ, ಯಾವ ಊದಾಕತ್ಯಾನ, ಯಾವ ಊದಿದಂಗ ಮಾಡಾಕತ್ಯಾನ ಅಂತ. ಅಲ್ಲಿ ನಿನ್ನ ಆಟ ನಡಿಯಂಗಿಲ್ಲ," ಎಂದು ನಕ್ಕ.

ಹೋಗುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಇಲ್ಲಿ ಬರ್ಲಿನ್ನಿನ ನಡುವೆ ಹಳೆಯ ವಿಮಾನ ನಿಲ್ದಾಣವೊಂದು ಈಗ ಬಯಲಾಗಿದೆ. ಜನ ಅಲ್ಲಿ ಗಾಳಿಪಟ ಹಾರಿಸುತ್ತಾರೆ. ದಿನಾ ಬೆಳಗ್ಗೆ ಸೈಕಲ್ ತುಳಿದು ಅಲ್ಲಿಗೆ ಹೋಗಿ, ಗಾಳಿಗೆ ಎದುರಾಗಿ ನಿಂತು, ಒಂದು ತಾಸು ಗಟ್ಟಿಯಾಗಿ ಊದುತ್ತೇನೆ. ಮೊದಲ ತಿಂಗಳು ತುಟಿ ಬಾತು ಅನ್ನ ಬಾಯಿಗಿಡುವುದೂ ಕಷ್ಟವಾಯಿತು. ಈಗ ಐದಾರು ಸ್ವರ ಸೀಳದೆ ನಿಲ್ಲುತ್ತವೆ. ಮೊನ್ನೆ ದೂರದಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ತಿರುಗಿ ನೋಡಿದಳು. ಎಷ್ಟು ಸಂತೋಷವಾಯಿತೆಂದರೆ, ಅವಳಿಗೆ ಕೈ ಬೀಸಿದೆ.

ಆದರೆ ಒಂದೇ ತುಟಿ ಎರಡನ್ನೂ ಹೊರಲಾರದು ಎಂದು ಕಾಣುತ್ತದೆ. ಕಳೆದ ವಾರದ ಕಾರ್ಯಕ್ರಮದಲ್ಲಿ ನನ್ನ ಮೆಲುದನಿ ನಡುವೆ ಎರಡು ಸಲ ಒಡೆಯಿತು. ಮುಗಿದ ಮೇಲೆ ಕಾಟ್ರಿನ್ ಪಿಯಾನೋದ ಮುಚ್ಚಳ ಹಾಕಿ, "ನಿನ್ನ ದನಿಗೆ ಏನೋ ಆಗುತ್ತಿದೆ. ಮೊದಲಿನ ನಯ ಇಲ್ಲ. ಮೈ ಹುಷಾರಿಲ್ಲವೇ?" ಎಂದು ಕೇಳಿದಳು. ಈ ವಾದ್ಯದಿಂದ ನನಗೊಂದು ಬದುಕು ಕಟ್ಟಿಕೊಟ್ಟವಳು ಅವಳು. ಚಳಿಗಾಲದಲ್ಲಿ ನಮ್ಮ ಮುಂದಿನ ರೆಕಾರ್ಡಿಂಗ್ ಇದೆ, ಮದುವೆ ಅದಕ್ಕೆ ಎರಡು ವಾರ ಮುಂಚೆ.

"ಹುಷಾರಿದ್ದೇನೆ. ಸ್ವಲ್ಪ ದಣಿವು, ಅಷ್ಟೇ," ಅಂದೆ. ಮರುದಿನ ಬೆಳಗ್ಗೆ ಮತ್ತೆ ಬಯಲಿಗೆ ಹೋದೆ.